ಟೀ ಕುಡಿದ ಮೇಲೆಯೇ ದಾರಿ

ಬೇರೆ ಯಾರೋ ಹೇಳಿ ನನ್ನ ಮಾನ ಕಳೆಯುವ ಮೊದಲು ನಾನೇ ಕಳೆದುಕೊಂಡುಬಿಡುವುದು ಕ್ಷೇಮ. ಒಂದು ಗುರುವಾರ ಬೆಳಿಗ್ಗೆ ನಮ್ಮ ಆಸ್ಪತ್ರೆಯ ಔಷಧಿ ಗೋಡೌನಿನಲ್ಲಿ, ಗ್ಲೂಕೋಸ್ ಬಾಟಲಿಯ ಪೆಟ್ಟಿಗೆಗಳ ಹಿಂದೆ ಕುಕ್ಕರಗಾಲಲ್ಲಿ ಕೂತು, ಇಂಟರ್‌ಕಾಮ್ ಫೋನನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಮೇಲಧಿಕಾರಿಗೆ ಎರಡು ಫೋನು ಮಾಡಿದೆ. ಒಂದು ಕ್ಯಾಶುಯಲ್ಟಿಯ ಸಿಸ್ಟರ್ ದನಿಯಲ್ಲಿ, ಇನ್ನೊಂದು ಲ್ಯಾಬ್ ಮೇಡಂ ದನಿಯಲ್ಲಿ. ಇಬ್ಬರೂ ಇನ್ನೇನು ಅಜ್ಜಿಯಾಗಲು ಕಾದಿರುವವರು. ನನಗೆ ಮೀಸೆ ಇದೆ. ಇದೆ ಎಂದು ನಾನು ನಂಬಿದ್ದೇನೆ, ನೋಡಿದವರು ಇನ್ನೂ ಒಪ್ಪಿಲ್ಲ.

ಆ ಮೇಲಧಿಕಾರಿ ಹೋದ ತಿಂಗಳು ನಿವೃತ್ತರಾದರು. ಚಾಮರಾಜನಗರದ ನಮ್ಮ ಆಸ್ಪತ್ರೆಯ ಕಂಪ್ಯೂಟರ್‌ಗಳೆಲ್ಲ ಒಂದಕ್ಕೊಂದು ಮಾತಾಡುವುದೂ ಮಾತಾಡದಿರುವುದೂ ಅವರ ಕೈಯಲ್ಲಿತ್ತು. ಹೆಸರು ಬರೆಯುವುದಿಲ್ಲ. ಬರೆದರೆ ಮರುದಿನವೇ ಗುಂಡ್ಲುಪೇಟೆಯಿಂದ ಸ್ಕೂಟರಿನಲ್ಲಿ ಬಂದು, ಹೆಲ್ಮೆಟ್ ಕೂಡ ತೆಗೆಯದೆ, “ಏನ್ಲಾ ಬರ್ದಿದ್ದೀಯ?” ಎಂದು ಬಾಗಿಲಲ್ಲಿ ನಿಂತಿರುತ್ತಾರೆ. ನಿಂತೇ ಇರುತ್ತಾರೆ. ಕೂರುವುದು ಅವರ ಜಾತಕದಲ್ಲಿ ಇರಲಿಲ್ಲ. ಅವರ ಕೋಣೆ ಈಗ ನನಗೆ ಬಂದಿದೆ, ಜೊತೆಗೆ ಅವರ ಕುರ್ಚಿ. ಅಂಗಡಿಯವರು ಸುತ್ತಿ ಕಳಿಸಿದ್ದ ಪ್ಲಾಸ್ಟಿಕ್ ಇನ್ನೂ ಅದರ ಮೈಮೇಲೇ ಇದೆ. ಕಿತ್ತು ಕೂರೋಣವೆಂದು ದಿನಾ ಅಂದುಕೊಳ್ಳುತ್ತೇನೆ. ಕೈ ಹತ್ತಿರ ಹೋಗುತ್ತದೆ, ಅಷ್ಟರಲ್ಲಿ ಯಾವುದೋ ವಾರ್ಡಿನ ಪ್ರಿಂಟರ್ ಅಳತೊಡಗುತ್ತದೆ, ಓಡುತ್ತೇನೆ. ಆ ಕೋಣೆಯ ಗಾಳಿಯಲ್ಲೇ ಏನೋ ಚಡಪಡಿಕೆ ಉಳಿದಿದೆ.

ಕೀಬೋರ್ಡಿನ ಮೇಲೆ ಬಗ್ಗಿ, ಕೆರೆಯಂಚಿನ ಕೊಕ್ಕರೆಯ ಹಾಗೆ ನಿಂತೇ ಟೈಪು ಮಾಡುತ್ತಿದ್ದರು. ಜೇಬಿನಲ್ಲಿ ಬೀಗದ ಕೈಗಳ ಗೊಂಚಲು ಸದಾ ಗಲಗಲ. ಎದುರಿನವರ ಮಾತು ಅರ್ಧಕ್ಕೆ ಬರುವ ಮೊದಲೇ “ಸರಿ ಸರಿ ಸರಿ, ಮುಂದ್ಕೆ ಹೇಳು” ಎಂದು ತಾವೇ ಮುಂದಕ್ಕೆ ನಡೆದುಬಿಡುವರು. ಹೇಳುವವರು ಹಿಂದೆ ಹಿಂದೆ ಓಡಬೇಕು. ಕಾರಿಡಾರಿನಲ್ಲಿ ಯಾರ ಊಟದ ಡಬ್ಬಿ ತೆರೆದಿದ್ದರೂ ನಡೆಯುತ್ತಲೇ ಒಂದು ತುತ್ತು ಎತ್ತಿ ಬಾಯಿಗೆ ಹಾಕಿಕೊಂಡು, “ಉಪ್ಪು ಕಮ್ಮಿ” ಎಂದು ತೀರ್ಪು ಕೊಟ್ಟು ಮಾಯ. ತಿಂದದ್ದಕ್ಕಿಂತ ಆ ತೀರ್ಪಿಗೆ ಜನ ಹೆಚ್ಚು ಉರಿದುಕೊಳ್ಳುತ್ತಿದ್ದರು.

ನಾನು ಸಂತೆಮರಹಳ್ಳಿಯವನು. ಇಂಜಿನಿಯರಿಂಗ್ ಪಾಸಾದದ್ದು ನಮ್ಮೂರಿಗೆ ಬಸ್ಸು ಬಂದ ಹಾಗೆ: ತಡವಾಗಿ, ಒಂದು ಕಡೆ ವಾಲಿಕೊಂಡು, ಆದರೂ ಬಂತು. ನನಗೆ ಚೆನ್ನಾಗಿ ಬರುವ ವಿದ್ಯೆ ಒಂದೇ, ಇನ್ನೊಬ್ಬರ ದನಿ ತೆಗೆಯುವುದು. ಬಸ್ಸಿನ ಕಂಡಕ್ಟರು, ಮೈಸೂರಿನಿಂದ ಬಂದ ನಮ್ಮ ಮ್ಯಾನೇಜರು, ಮ್ಯಾನೇಜರ ಮುಂದೆ ತೊದಲುವ ನಾನು, ಎಲ್ಲರನ್ನೂ ಮಾಡಿ ತೋರಿಸುತ್ತೇನೆ. ಇವರನ್ನೂ ಮಾಡಿ ತೋರಿಸುತ್ತಿದ್ದೆ. ಒಂದು ದಿನ ಕ್ಯಾಂಟೀನಿನಲ್ಲಿ ಕೊಕ್ಕರೆ ನಡಿಗೆ, ಕೀ ಗೊಂಚಲು, “ಸರಿ ಸರಿ ಸರಿ” ಎಲ್ಲ ಒಟ್ಟಿಗೆ ನಡೆಸುತ್ತಿರುವಾಗ ನಗುತ್ತಿದ್ದವರೆಲ್ಲ ತಟ್ಟನೆ ತಟ್ಟೆಯೊಳಗೆ ಮುಖ ಹಾಕಿದರು. ತಿರುಗಿ ನೋಡಿದರೆ ಅವರೇ. ಪೂರ್ತಿ ನೋಡಿದ್ದರು.

“ಗೊಂಚ್ಲು ಎಡಗಡೆ ಜೇಬಲ್ಲಿ ಕಣ್ಲಾ, ಬಲಗಡೆ ಅಲ್ಲ,” ಎಂದು ನನ್ನ ತಟ್ಟೆಯ ವಡೆ ಎತ್ತಿಕೊಂಡು ಹೋದರು.

ಕೆಲಸಕ್ಕೆ ಸೇರಿದ ಮೊದಲ ದಿನ ನನ್ನನ್ನು ಸ್ವಿಚ್ಚಿನ ಮುಂದೆ ನಿಲ್ಲಿಸಿದ್ದರು. ಸ್ವಿಚ್ಚೆಂದರೆ ದೀಪದ್ದಲ್ಲ; ಆಸ್ಪತ್ರೆಯ ಕಂಪ್ಯೂಟರ್ ವೈರುಗಳೆಲ್ಲ ಬಂದು ಸೇರುವ, ಹಸಿರು ದೀಪ ಮಿಟುಕಿಸುವ ಪೆಟ್ಟಿಗೆ.

“ಇದ್ರಲ್ಲಿ ಎಷ್ಟು ಆಸ್ಪತ್ರೆ ಕಾಣ್ತವ್ಲಾ?”

“ಒಂದೇ ಸಾ.”

“ನಾಕು. ಲ್ಯಾಬು ಒಂದು. ಕ್ಯಾಶುಯಲ್ಟಿ, ವಾರ್ಡು ಒಂದು. ಬಿಲ್ಲಿಂಗು, ಕ್ಯಾಂಟೀನು ಒಂದು. ರೋಗಿ ಕಡೆಯೋರು ಮೊಬೈಲ್ ತಿಕ್ಕೋ ವೈಫೈ ಒಂದು. ವೈರೆಲ್ಲ ಇಲ್ಗೇ ಬತ್ತವೆ. ಆದ್ರೆ ಒಬ್ರ ಮಾತು ಇನ್ನೊಬ್ರಿಗೆ ಕೇಳಕ್ಕಿಲ್ಲ. ಕಣ್ಗೆ ಕಾಣ್ದಿರೋ ಗೋಡೆ ಕಟ್ಟಿವ್ನಿ.”

ಈ ಕಾಣದ ಗೋಡೆಯ ಕೋಣೆಗಳಿಗೆ ನಮ್ಮ ಕಸುಬಿನವರು ವಿಲ್ಯಾನ್ ಎನ್ನುತ್ತಾರೆ. ಒಂದು ಕೋಣೆಯ ಮಾತು ಇನ್ನೊಂದಕ್ಕೆ ಹೋಗಬೇಕಾದರೆ ರೂಟರ್ ಎಂಬ ದಾರಿ ತೋರುವ ಪೆಟ್ಟಿಗೆಗೆ ಹತ್ತಿ, ಅಲ್ಲಿ ಅಪ್ಪಣೆ ಪಡೆದು, ಅದೇ ವೈರಿನಲ್ಲಿ ಇಳಿದು ಬರಬೇಕು. ಗೇಣು ದೂರದವನಿಗೆ ಮಾತು ಮುಟ್ಟಿಸಲು ಇಷ್ಟು ಸುತ್ತು ನನಗೆ ಹುಚ್ಚಾಟವೆನಿಸಿತು.

“ಪಕ್ಕದ್ಮನೆಗೆ ಸಾರು ಕೊಡಾಕೆ ತಾಲ್ಲೂಕಾಫೀಸ್ಗೆ ಓಗ್ಬೇಕಾ ಸಾ?”

“ಸಾರಲ್ಲಿ ಏನದೆ ಅಂತ ಗೊತ್ತಿಲ್ದಿದ್ರೆ ಓಗ್ಬೇಕು.”

ತಮ್ಮ ಊರಿನ ಬಗ್ಗೆ ಅವರಿಗೆ ವಿಚಿತ್ರ ಹೆಮ್ಮೆ. “ನಾನು ರೂಟರ್ ಊರಲ್ಲಿ ಹುಟ್ದೋನು ಕಣ್ಲಾ. ಗುಂಡ್ಲುಪೇಟೆ ಅಂದ್ರೆ ಇನ್ನೇನು? ಮೈಸೂರಿಂದ ಬಂದೋನು ಅಲ್ಲಿ ನಿಂತು ಊಟಿಗೋ ಕೇರಳಕ್ಕೋ ಅಂತ ತಿರುಗ್ಬೇಕು. ದಾರಿ ಅಂದ್ರೆ ಬರೀ ರೋಡಲ್ಲ. ಯಾರಿಗೆ ಬುಡ್ಬೇಕು, ಯಾರಿಗೆ ಬುಡ್ಬಾರ್ದು, ಅದೂ ದಾರಿನೇ. ರಾತ್ರಿ ಬಂಡೀಪುರದ ಕಾಡಿನ ಗೇಟ್ ಹಾಕ್ತಾರಲ್ಲ, ಆಂಬುಲೆನ್ಸ್ ಬುಡ್ತಾರೆ, ಟೊಮೇಟೊ ಲಾರಿ ಬುಡಕ್ಕಿಲ್ಲ. ಲಾರಿಯೋನು ಬೈತಾನೆ. ಆನೆ ಬೈಯಾಕಿಲ್ಲ.”

ಗೋಡೆ ಕಟ್ಟಿದ್ದಕ್ಕೆ ಹಳೆಯ ಕಾರಣವೊಂದಿತ್ತು. ನಾನು ಬರುವ ಮೊದಲು ಎಲ್ಲ ಕಂಪ್ಯೂಟರ್‌ಗಳೂ ಒಂದೇ ಬಯಲಿನಲ್ಲಿದ್ದವಂತೆ. ಕ್ಯಾಂಟೀನಿನ ಬಿಲ್ಲಿಂಗ್ ಕಂಪ್ಯೂಟರಿಗೆ ಯಾರೋ ಹಾಡು ಕೇಳಲು ಚುಚ್ಚಿದ ಪೆನ್‌ಡ್ರೈವಿನಿಂದ ವೈರಸ್ ಹೊರಟು, ತಡೆಯುವವರಿಲ್ಲದೆ ಲ್ಯಾಬಿನ ರಕ್ತಪರೀಕ್ಷೆಯ ಮಿಷಿನ್ನಿನವರೆಗೆ ಹೋಗಿ ಅದನ್ನು ಕೆಡವಿತು. ವಾರ್ಡಿನ ತುಂಬ ರೋಗಿಗಳು. ಅವರೆಲ್ಲರ ರಕ್ತದ ಸೀಸೆಗಳನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಐಸ್ ಹಾಕಿ ಮೈಸೂರಿಗೆ ಒಯ್ದವರು ಇವರೇ. ರಷ್ಷಾದ ಬಸ್ಸಿನಲ್ಲಿ, ಡಬ್ಬಿ ತೊಡೆಯ ಮೇಲೆ, ಅಲ್ಲಾಡದೆ. ಅವರು ಕೂತಿದ್ದನ್ನು ಕಂಡ ಸಾಕ್ಷಿಗಳಿರುವುದು ಆ ಒಂದು ಪ್ರಯಾಣಕ್ಕೆ ಮಾತ್ರ. ನಾನು ಆ ಸಂಗತಿ ಕೆದಕಿದಾಗ “ಅವತ್ತೇ ಕೂತಿದ್ದು ಸಾಕಾಗ್ಯದೆ ಬುಡು” ಎಂದು ಎದ್ದು ಹೋದರು. ಎದ್ದು ಎಂದೆ, ನಿಂತೇ ಇದ್ದರು, ಅಭ್ಯಾಸಬಲ.

ಗೋಡೆಯ ಮಾತು ಬಂದಾಗ ನಾನು ಒಮ್ಮೆ ಬೈಸಿಕೊಂಡದ್ದೂ ಇದೆ. ತರಬೇತಿಗೆ ಬಂದಿದ್ದ ಡಿಪ್ಲೊಮಾ ಹುಡುಗರ ಮುಂದೆ ಜಾಣತನ ತೋರಿಸುತ್ತ, “ವಿಲ್ಯಾನ್ ಅಂದ್ರೆ ಊರಲ್ಲಿ ಕೇರಿ ಕೇರಿ ಇದ್ದಂಗೆ” ಎಂದೆ. ಬಾಗಿಲಾಚೆಯಿಂದ ದನಿ ಬಂತು.

“ಆ ಹೋಲ್ಕೆ ಬ್ಯಾಡ. ಕೇರಿಗೆ ಹುಟ್ತಾಲೇ ಹಾಕ್ಬುಡ್ತಾರೆ, ಯಾಕೆ ಅಂತ ಕೇಳಂಗಿಲ್ಲ. ನನ್ ಗೋಡೆ ಯಾಕೆ ಅಂತ ಯಾರ್ ಬೇಕಾದ್ರೂ ಬಂದು ಕೇಳ್ಬೋದು. ಟೀ ಕೊಟ್ಟು ಹೇಳ್ತೀನಿ.”

ಟೀ ಬರೀ ಮಾತಿಗೆ ಬಂದದ್ದಲ್ಲ. ಅವರ ಕಾನೂನೇ ಅದು. ಎರಡು ವಿಭಾಗಗಳ ನಡುವೆ ದಾರಿ ಬೇಕೆಂದರೆ ಎರಡೂ ಕಡೆಯ ಹಿರಿಯರು ಅವರ ಕೋಣೆಗೆ ಒಟ್ಟಿಗೆ ಬಂದು, ಎದುರೆದುರು ನಿಂತೋ ಕೂತೋ ಟೀ ಕುಡಿದು, ನಿಮ್ಮಿಂದ ನನಗೆ ಇದು ಬೇಕು, ಇದು ಬೇಡ ಎಂದು ಬಾಯಿಬಿಟ್ಟು ಹೇಳಬೇಕು. ಫೋನು ನಡೆಯದು, ಮೇಲ್ ನಡೆಯದು. “ದಾರಿ ಬುಟ್ಮೇಲೆ ಜಗಳ ಆಡಿದ್ರೆ ನನ್ ತಲೆ ಮೇಲೆ ಬತ್ತದೆ. ಮುಂಚೇನೇ ಆಡ್ಕಳಿ” ಎನ್ನುತ್ತಿದ್ದರು. ಇದರಿಂದ ಕೆಲಸ ನಿಧಾನವಾಗುತ್ತಿತ್ತು, ಜನ ಬೈಯುತ್ತಿದ್ದರು, ಅವರು ಜಗ್ಗುತ್ತಿರಲಿಲ್ಲ. ಚಡಪಡಿಸುವ ಮನುಷ್ಯ ಇದೊಂದರಲ್ಲಿ ಮಾತ್ರ ಬಂಡೆ.

ಈ ಬಂಡೆಗೆ ಡಿಕ್ಕಿ ಹೊಡೆದದ್ದು ಸಿಸ್ಟರ್ ಮತ್ತು ಲ್ಯಾಬ್ ಮೇಡಂ ಜಗಳ. ಕ್ಯಾಶುಯಲ್ಟಿ ನೆಲಮಟ್ಟದಲ್ಲಿ. ಲ್ಯಾಬು ಎರಡನೇ ಮಹಡಿಯಲ್ಲಿ. ಗೋಡೆಯ ಕಾರಣ ಲ್ಯಾಬಿನ ವರದಿ ಕೆಳಗಿನ ಪರದೆಯಲ್ಲಿ ಕಾಣುತ್ತಿರಲಿಲ್ಲ, ಯಾರಾದರೂ ಹತ್ತಿ ಚೀಟಿ ತರಬೇಕು. ಆಯಾ ಇಲ್ಲದ ಹೊತ್ತಿಗೆ ಸಿಸ್ಟರೇ ಹತ್ತುವರು. ಹರವೆಯ ಹೆಣ್ಣುಮಗಳು, ಗಟ್ಟಿ ಜೀವ, ಆದರೆ ಮಂಡಿ ಸವೆದಿತ್ತು. ಒಂದು ದಿನ ವರದಿ ತಡವಾಗಿ, ಉಸಿರು ಕಟ್ಟಿದ್ದ ರೋಗಿಯ ಮನೆಯವರ ಮುಂದೆಯೇ ಮೇಲಕ್ಕೆ ಮುಖ ಮಾಡಿ, “ಲ್ಯಾಬಲ್ಲಿ ಎಲ್ರೂ ಮಲಗವ್ರೆ ಕಣಪ್ಪ” ಎಂದು ಕೂಗಿದರು. ಮೇಡಂ ಕಿವಿಗೆ ಬಿತ್ತು. ಮೇಡಂ ಗುಂಡ್ಲುಪೇಟೆ ಕಡೆಯವರಾದರೂ ಪುಸ್ತಕದ ಕನ್ನಡ ಮಾತಾಡುವವರು. ಸಿಟ್ಟು ಬಂದಷ್ಟೂ ಅವರ ವ್ಯಾಕರಣ ಶುದ್ಧವಾಗುತ್ತಿತ್ತು. “ಇನ್ನು ಆಕೆಯೊಂದಿಗೆ ನನ್ನ ಸಂಭಾಷಣೆ ಮುಗಿಯಿತು” ಎಂದುಬಿಟ್ಟರು.

ನಮ್ಮವರ, ಅಂದರೆ ಮೇಲಧಿಕಾರಿಯ, ಕೋಣೆ ಇಬ್ಬರ ನಡುವೆ, ಮೊದಲ ಮಹಡಿಯಲ್ಲಿ. “ಆಕೆ ಮೊದಲು ಬರಲಿ” ಎಂದು ಮೇಲಿನವರು. “ಅವ್ರು ಇಳ್ದು ಬರ್ಲಿ, ನನ್ ಮಂಡಿ ಹತ್ತಾಕಿಲ್ಲ” ಎಂದು ಕೆಳಗಿನವರು. ಟೀ ಆರುತ್ತಲೇ ಇತ್ತು.

“ನೀವೇ ಬುಟ್ಬುಡಿ ಸಾ,” ಎಂದು ನಾನು ಗೋಗರೆದೆ. “ಎರಡು ಸಾಲು ಟೈಪು, ಅಷ್ಟೇ.”

“ಟೈಪ್ ಮಾಡಾಕೆ ನಿನ್ನಂಥೋನೂ ಆಯ್ತಾನೆ. ಯಾವ ಎರಡು ಸಾಲು? ಅದು ಅವ್ರಿಬ್ರ ಹತ್ರ ಅದೆ.”

ಅಷ್ಟರಲ್ಲಿ ಮ್ಯಾನೇಜರ್ ಬಂದು ಗಡುವು ಹಾಕಿದರು. ಶನಿವಾರದೊಳಗೆ ಕ್ಯಾಶುಯಲ್ಟಿ ಪರದೆಯ ಮೇಲೆ ಲ್ಯಾಬ್ ವರದಿ ಕಾಣಬೇಕು. ಇಲ್ಲವಾದರೆ ಮೈಸೂರಿನ ಪಾರ್ಟಿಯನ್ನು ಕರೆಸಿ ಎಲ್ಲ ಗೋಡೆ ಕೆಡವಿಸುವುದು, ಇವರನ್ನು ಗುಂಡ್ಲುಪೇಟೆಯ ಶಾಖೆಗೆ ಕಳಿಸುವುದು, ಅಲ್ಲಿ ಒಂದು ಪ್ರಿಂಟರ್ ನೋಡಿಕೊಂಡಿರಲಿ. ಮ್ಯಾನೇಜರ್ ಹೋದ ಮೇಲೆ ನಾನು, “ಒಳ್ಳೇದೇ ಆಯ್ತು ಸಾ, ಮನೆ ಹತ್ರ, ಸ್ಕೂಟರ್ ಪೆಟ್ರೋಲೂ ಉಳೀತದೆ” ಎಂದು ಹಲ್ಲು ಕಿರಿದೆ.

“ನಾನ್ ಓಗೋದು ಓಗ್ಲಿ. ಗೋಡೆ ಕೆಡವ್ತಾರಲ್ಲಾ.” ಕಿಟಕಿಯ ಕಡೆ ತಿರುಗಿದರು. ಗೊಂಚಲು ಸದ್ದು ಮಾಡುತ್ತಿರಲಿಲ್ಲ. ಆ ಸದ್ದು ನಿಂತಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹಾಗಾಗಿ ಗೋಡೌನು, ಗ್ಲೂಕೋಸ್ ಪೆಟ್ಟಿಗೆ, ಎರಡು ಫೋನು.

ಸಿಸ್ಟರ್ ದನಿಗೆ ಎದೆಯಿಂದ ಗಾಳಿ ತೆಗೆದೆ: “ಸಾ, ನಮ್ದೇನ್ ತಕ್ರಾರಿಲ್ಲ, ಟೀನೂ ಬ್ಯಾಡ ಗೀನೂ ಬ್ಯಾಡ, ದಾರಿ ಬುಟ್ಬುಡಿ.” ಮೇಡಂ ದನಿಗೆ ಮೂಗು ಹಿಡಿದುಕೊಂಡೆ: “ನಮಸ್ಕಾರ. ನನ್ನ ಕಡೆಯಿಂದ ಯಾವ ಅಭ್ಯಂತರವೂ ಇಲ್ಲ. ದಯವಿಟ್ಟು ಮುಂದುವರಿಯಿರಿ.” ಎರಡು ಸಲವೂ ಅತ್ತ ಕಡೆಯಿಂದ ಬಹಳ ಮರ್ಯಾದೆಯಿಂದ “ಸರಿ” ಎಂಬ ಉತ್ತರ ಬಂತು. ಗೆದ್ದೆ ಎಂದುಕೊಂಡು ಕೋಣೆಗೆ ಹೋದರೆ ಮೇಜಿನ ಮೇಲೆ ಎರಡು ಲೋಟ ಬಿಸಿ ಟೀ.

“ಬಾ. ಕುಡಿ. ಇದು ಸಿಸ್ಟರ್ದು, ಇದು ಮೇಡಂದು.”

“ಸಾ...”

“ಮಾತಾಡ್ದೇ ಇರೋ ಇಬ್ರೂ ಒಟ್ಗೇ ಔಷಧಿ ಗೋಡೌನ್ಗೆ ಓಗಿ ಫೋನ್ ಮಾಡವ್ರೆ ಅಂದ್ರೆ ರಾಜಿ ಆಗೋಯ್ತು ಅಂತ ಖುಷಿಪಟ್ಟೆ ಕಣ್ಲಾ.”

ಇಂಟರ್‌ಕಾಮಿನ ಪುಟ್ಟ ಪರದೆಯಲ್ಲಿ ಕರೆ ಎಲ್ಲಿಂದ ಬಂತೆಂದು ಕಾಣುತ್ತದೆ. ಆ ಪರದೆಯನ್ನು ಅವರ ಕೋಣೆಯಲ್ಲಿ ಜೋಡಿಸಿದ ಮಹಾನುಭಾವ ನಾನೇ.

“ದನಿ ಯಾರ್ದಾರ ಆಗ್ಲಿ, ಎಲ್ಲಿಂದ ಬತ್ತಾ ಅದೆ ಅಂತ ಮೊದ್ಲು ನೋಡು ಅಂತ ನಿಂಗೆ ಎಷ್ಟ್ ಸಲ ಹೇಳಿವ್ನಿ? ಸರಿ, ಬಂದಿದ್ದಾಯ್ತು. ಈಗ ಮೇಡಂ ಆಗು. ಯಾಕ್ ಮೇಡಂ, ದಾರಿ ಬ್ಯಾಡ ಅಂತೀರಲ್ಲ?”

ನಾನು ಮೂಗು ಹಿಡಿದೆ. “ಏಕೆಂದರೆ... ಆಕೆಗೆ ಮಾತಿನ ಸಂಸ್ಕಾರವಿಲ್ಲ.”

“ಅದು ಜಗಳ. ಕಾರಣ ಏನು?”

ಕಾರಣ ನನಗೆ ಗೊತ್ತಿರಲಿಲ್ಲ. ಇಷ್ಟು ದಿನದಿಂದ ಆ ಹೆಂಗಸಿನ ದನಿ ತೆಗೆದು ಜನರನ್ನು ನಗಿಸಿದ್ದೆ, ಒಂದು ಸಲವೂ ಕೇಳಿರಲಿಲ್ಲ.

“ದನಿ ಕದ್ದಿದ್ದೀಯ, ಮಾತು ಕದ್ದಿಲ್ಲ. ಓಗು. ಮೇಲ್ಗಡೆಯೋರ ಮಾತು ಕೆಳಗೆ ತಕೊಂಡೋಗು, ಕೆಳಗ್ನೋರ್ದು ಮೇಲಕ್ಕೆ. ನೋಡು, ರೂಟರು ಏನ್ ಮಾಡ್ತದೆ? ಒಂದು ಕಡೆ ಲಕೋಟೆ ಬಿಚ್ಚಿ ಇನ್ನೊಂದು ಕಡೆ ಹೊಸ ಲಕೋಟೆ ಹಾಕ್ತದೆ. ಒಳಗ್ನ ಕಾಗದ ಮುಟ್ಟಕ್ಕಿಲ್ಲ. ನೀನೂ ಮುಟ್ಬ್ಯಾಡ.”

ಹತ್ತಿದೆ. ಮೇಡಂ ಕೈಗವಸು ತೆಗೆಯದೆಯೇ ಹೇಳಿದರು: “ವರದಿಯನ್ನು ಅವರು ಎಷ್ಟು ಸಲ ಬೇಕಾದರೂ ನೋಡಿಕೊಳ್ಳಲಿ. ಆದರೆ ಕೆಳಗಿನ ಯಾವ ಕಂಪ್ಯೂಟರಿನಿಂದಲೂ ನನ್ನ ಮಿಷಿನ್ನಿಗೆ ದಾರಿ ಇರಬಾರದು. ಅದು ಒಮ್ಮೆ ಕೆಟ್ಟು ನಿಂತಾಗ ಜನ ಪಟ್ಟ ಪಾಡು ನನಗೆ ಗೊತ್ತಿದೆ.” ಎಷ್ಟು ಸರಳ! ಹಾಗೇ ಇಳಿದು ಹಾಗೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಸಿಸ್ಟರ್ ಮುಂದೆ ನಿಂತು ಮೂಗು ಹಿಡಿದು ಆ ಮಾತು ಒಪ್ಪಿಸಿದಾಗ ಸುತ್ತಲಿನ ನರ್ಸಮ್ಮಗಳು ಕಿಸಕ್ಕೆಂದರು. ನಗು ಕೇಳಿದರೆ ನನಗೆ ಸನ್ನಿ. “ಆಕೆಗೆ ಮಿಷಿನ್ನಿಗೂ ದೋಸೆಹಿಟ್ಟಿನ ಗ್ರೈಂಡರಿಗೂ ವ್ಯತ್ಯಾಸ ತಿಳಿಯುವುದಿಲ್ಲ” ಎಂದು ಒಂದು ಸಾಲು ಕೈಯಿಂದ ಸೇರಿಸಿದೆ.

ಸಿಸ್ಟರ್ ಹಲ್ಲು ಕಚ್ಚಿಕೊಂಡು ಹೇಳಿದರು: “ಅವ್ರ ಮಿಷಿನ್ ನಂಗ್ಯಾಕೆ? ಬಂದಿರೋ ಜೀವದ ಸಕ್ಕರೆ ಎಷ್ಟದೆ, ಪೊಟ್ಯಾಷಿಯಂ ಎಷ್ಟದೆ, ಕಂಡ್ರೆ ಸಾಕು. ನನ್ ಮಂಡಿ ಉಳೀತದೆ.” ಮತ್ತೆ ಹತ್ತಿದೆ. ಮೇಲಿನವರಿಗೂ ನ್ಯಾಯ ಮಾಡಬೇಡವೇ? “ಮಲಗೋರಿಗೆ ಮಿಷಿನ್ ಆದ್ರೇನು, ದಿಂಬಾದ್ರೇನು” ಎಂದು ಅಲ್ಲೂ ಸೇರಿಸಿದೆ.

ಮೇಡಂ ಕೈಗವಸು ಕಿತ್ತೆಸೆದು ಇಳಿಯತೊಡಗಿದರು. ಕೆಳಗಿನಿಂದ, ಗ್ರೈಂಡರನ್ನು ಅಷ್ಟು ಹೊತ್ತು ನುಂಗಿಕೊಳ್ಳಲಾರದೆ, ಸಿಸ್ಟರ್ ಕಂಬಿ ಹಿಡಿದು ಹತ್ತುತ್ತಿದ್ದರು. ಇಬ್ಬರೂ ಸಂಧಿಸಿದ್ದು ನಮ್ಮವರ ಕೋಣೆಯ ಬಾಗಿಲಲ್ಲಿ. ನಾನು ಮೆಟ್ಟಿಲ ಮೇಲೆ, ಎತ್ತ ಓಡಬೇಕೆಂದು ತಿಳಿಯದೆ.

“ಗ್ರೈಂಡರ್ ಅಂದ್ರಂತಲ್ಲ ಮೇಡಂ?”

“ನಾನೆಲ್ಲಿ ಗ್ರೈಂಡರ್ ಎಂದೆ? ನೀವು ದಿಂಬು ಎಂದಿರಂತೆ!”

“ಯಾವ ದಿಂಬು?”

ಎರಡು ಮುಖಗಳೂ ಒಟ್ಟಿಗೆ, ಒಂದೇ ವೇಗದಲ್ಲಿ, ನನ್ನ ಕಡೆ ತಿರುಗಿದವು. ಅಂಥ ಒಗ್ಗಟ್ಟನ್ನು ನಾನು ಆ ಆಸ್ಪತ್ರೆಯಲ್ಲಿ ಹಿಂದೆ ಕಂಡಿರಲಿಲ್ಲ.

“ಲಕೋಟೆ ಒಳಗೆ ಕೈ ಹಾಕವ್ನೆ,” ಎಂದು ನಮ್ಮವರು ಮೇಜಿನ ಮೇಲೆ ಹೊಸದಾಗಿ ಎರಡು ಲೋಟ ಇಟ್ಟರು. “ಆದ್ರೂ ಇಬ್ರೂ ಬಂದ್ರಲ್ಲ. ಬನ್ನಿ, ಆರೋಗ್ತದೆ.”

ಮಂಡಿನೋವಿನ ಸಿಸ್ಟರಿಗೆ ಆ ಕುರ್ಚಿ ಸಿಕ್ಕಿತು. ಪ್ಲಾಸ್ಟಿಕ್ ಪರಪರ ಎಂದಿತು.

“ಇದ್ನ ಕಿತ್ತಾಕ್ಬಾರ್ದಾ ಸಾ?”

“ಬ್ಯಾಡ ಸಿಸ್ಟರ್, ಯಾರಾರ ಕೂತ್ಕಬುಟ್ಟಾರು.”

ಮೇಡಂ ನಕ್ಕರು. ನಕ್ಕ ಮೇಲೆ ವ್ಯಾಕರಣ ಸ್ವಲ್ಪ ಸಡಿಲವಾಯಿತು. ಬೇಕು, ಬೇಡ ಎರಡನ್ನೂ ಇಬ್ಬರೂ ಹೇಳಿದರು. ನಾನು ಹೊತ್ತು ತಂದಿದ್ದ ಮಾತೇ, ನನ್ನ ಒಗ್ಗರಣೆ ಬಿಟ್ಟು. ವರದಿಗಳಿರುವ ಕಂಪ್ಯೂಟರನ್ನು ಕ್ಯಾಶುಯಲ್ಟಿ ಕೇಳಬಹುದು. ಮಿಷಿನ್ನಿನ ಹತ್ತಿರ ಯಾರೂ ಸುಳಿಯುವಂತಿಲ್ಲ. ಕೊಕ್ಕರೆ ಬಗ್ಗಿತು, ಟೈಪಾಯಿತು. ಇಬ್ಬರಿಗೂ ಓದಿ ಹೇಳಿದರು. ನಾನು ಕೆಳಗೆ ಓಡಿ ನೋಡಿದರೆ ಪರದೆ ಖಾಲಿ. ಮೇಲೆ ಓಡಿ ಬಂದು ಹೇಳಿದೆ. ಎರಡು ಸಲ ತಲೆ ಕೆರೆದುಕೊಂಡು ಅವರೇ ಹಣೆ ಚಚ್ಚಿಕೊಂಡರು.

“ಕೇಳಾಕೆ ಓಗೋರ್ಗೆ ದಾರಿ ಬುಟ್ಟಿವ್ನಿ, ಉತ್ರ ತಕೊಂಡು ವಾಪಸ್ ಬರೋರ್ಗೆ ಬುಟ್ಟಿಲ್ಲ. ಇವ್ನ ಜೊತೆ ಸೇರಿ ನಾನೂ ಇವ್ನಂಗಾದೆ.”

ಇನ್ನೊಂದು ಸಾಲು. ಕೆಳಗಿನಿಂದ ನರ್ಸಮ್ಮ ಕೂಗಿದರು, “ಬಂತು, ಬಂತು!” ಸಿಸ್ಟರ್ ಕುರ್ಚಿ ಬಿಟ್ಟು ಏಳಲಿಲ್ಲ. ಮಂಡಿ ನೀವಿಕೊಂಡು ಉಳಿದ ಟೀ ಕುಡಿದರು. ಇಷ್ಟು ದಿನ ಆ ಗೋಡೆಗೆ ಇಡೀ ಆಸ್ಪತ್ರೆಯಲ್ಲಿ ಅತಿ ಹೆಚ್ಚು ಶಾಪ ಹಾಕಿದ್ದವರು ಅವರೇ ಎಂಬುದನ್ನು ಇಲ್ಲಿ ನೆನಪಿಡಬೇಕು.

ಶನಿವಾರ ಮ್ಯಾನೇಜರ್ ಕ್ಯಾಶುಯಲ್ಟಿಗೆ ಬಂದರು. ಮೇಡಂ ಇಳಿದು ಬಂದಿದ್ದರು, ನಮ್ಮವರು ಬಾಗಿಲಿಗೊರಗಿ ಗೊಂಚಲು ಆಡಿಸುತ್ತಿದ್ದರು, ನಾನು ಸ್ಟ್ರೆಚರಿನ ಹಿಂದೆ ಸುರಕ್ಷಿತವಾಗಿದ್ದೆ. ಪರದೆಯ ಮೇಲೆ ಒಬ್ಬ ಮುದುಕರ ವರದಿ ಬಂತು, ಇನ್ನೊಂದು ಬಂತು. ಮ್ಯಾನೇಜರ್ ತಲೆದೂಗಿದರು. ಗಡುವಿನ ಗಂಡಾಂತರ ದಾಟಿತೆಂದು ನಾನು ಉಸಿರು ಬಿಡುವಷ್ಟರಲ್ಲಿ ಅವರು ನಮ್ಮವರ ಕಡೆ ತಿರುಗಿದರು.

“ನೋಡಿ, ದಾರಿ ಬಿಟ್ರೆ ಏನೂ ಆಗ್ಲಿಲ್ಲ. ಇಷ್ಟಕ್ಕೆ ಇಷ್ಟು ದಿನ ಟೀ ಕುಡಿದ್ರಿ. ಮೈಸೂರಿನವರಿಗೆ ಬರೋಕೆ ಹೇಳೇ ಬಿಡ್ತೀನಿ, ಉಳಿದ ಗೋಡೇನೂ ಕೆಡವಿಬಿಡ್ಲಿ. ಆಸ್ಪತ್ರೆ ಅಂದ್ರೆ ಏನ್ರೀ? ನಾವೆಲ್ಲ ಒಂದೇ ಮನೆ ಇದ್ದಂಗೆ. ಒಂದೇ ಮನೇಲಿ ಗೋಡೆ ಯಾಕೆ, ಬಾಗ್ಲು ಯಾಕೆ?”

ಗೊಂಚಲಿನ ಸದ್ದು ನಿಂತಿತು. ಮೇಡಂ ಒಂದು ಶುದ್ಧ ವಾಕ್ಯ ಜೋಡಿಸತೊಡಗಿದ್ದರು. ಅದು ಮುಗಿಯುವ ಮೊದಲು ಸಿಸ್ಟರ್, ರೋಗಿಯ ನಾಡಿ ಹಿಡಿದ ಕೈ ಬಿಡದೆ, ತಲೆ ಕೂಡ ಎತ್ತದೆ ಕೇಳಿದರು:

“ಒಂದೇ ಮನೆ ಅಂತ ನಿಮ್ಮನೇಲಿ ಕಕ್ಕಸ್ಸಿನ ಬಾಗ್ಲ ಕಿತ್ತಾಕ್ಬುಟ್ಟಿದ್ದೀರಾ ಸಾ?”